ಸಿ.ಆರ್.ವಿ. ಕಲಿಯಲು ಯಾವ ದಾರಿ? ಬೆಂಗಳೂರಿನ ವಿದ್ಯಾರ್ಥಿಗೊಂದು ಹೋಲಿಕೆ

ಕಂಟ್ರೋಲ್ಡ್ ರಿಮೋಟ್ ವ್ಯೂಯಿಂಗ್‌ಗೆ ಕನ್ನಡದಲ್ಲಿ ಹೆಸರಿಡಲು ಹೊರಟರೆ ಮೊದಲ ಹೆಜ್ಜೆಯಲ್ಲೇ ಮುಗ್ಗರಿಸುತ್ತೇವೆ. ‘ದೂರದರ್ಶನ’ವನ್ನು ಟೀವಿ ಕಿತ್ತುಕೊಂಡು ಎಷ್ಟೋ ಕಾಲವಾಯಿತು. ‘ದೂರದೃಷ್ಟಿ’ ಸನ್ಮಾನಪತ್ರಗಳಿಗೆ ಮೀಸಲು. ‘ದಿವ್ಯದೃಷ್ಟಿ’ ಎಂದರೆ ಧೃತರಾಷ್ಟ್ರನ ಪಕ್ಕದಲ್ಲಿ ಸಂಜಯ ಬಂದು ಕೂರುತ್ತಾನೆ. ಹಾಗಾಗಿ ಕಲಿಯುವವರು ಸಿ.ಆರ್.ವಿ. ಎಂದೇ ಹೇಳುತ್ತಾರೆ, ಇಲ್ಲೂ ಹಾಗೇ ಇರಲಿ.

ಇದು ಏನು ಎನ್ನುವುದು ಎರಡು ಮಾತಿನಲ್ಲಿ: ಮುಚ್ಚಿದ ಲಕೋಟೆಯೊಳಗೆ ಒಂದು ಜಾಗದ ಚಿತ್ರವಿದೆ, ಲಕೋಟೆಯ ಮೇಲೆ ಅರ್ಥವಿಲ್ಲದ ಒಂದು ಸಂಖ್ಯೆಯಿದೆ. ಆ ಸಂಖ್ಯೆಯೊಂದನ್ನೇ ಹಿಡಿದು, ಗೊತ್ತುಪಡಿಸಿದ ಕ್ರಮದಲ್ಲಿ ಹಾಳೆಯ ಮೇಲೆ ಬರೆಯುತ್ತ, ಗೀಚುತ್ತ ಆ ಜಾಗವನ್ನು ವರ್ಣಿಸುವ ಅಭ್ಯಾಸ. ಹುಟ್ಟಿದ್ದು ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ, ಸ್ಟ್ಯಾನ್‌ಫರ್ಡ್ ರಿಸರ್ಚ್ ಇನ್‌ಸ್ಟಿಟ್ಯೂಟಿನಲ್ಲಿ. 1972ರಿಂದ ಅಲ್ಲಿ ಹೆರಾಲ್ಡ್ ಪುಟ್‌ಹಾಫ್, ರಸೆಲ್ ಟಾರ್ಗ್ ಎಂಬ ಇಬ್ಬರು ಭೌತವಿಜ್ಞಾನಿಗಳು ಪ್ರಯೋಗ ನಡೆಸಿದರು. ನ್ಯೂಯಾರ್ಕಿನ ಚಿತ್ರಕಾರ ಇಂಗೊ ಸ್ವಾನ್ ಅವರ ಜೊತೆ ಸೇರಿ ಅದನ್ನು ಆರು ಹಂತದ ಪಾಠವಾಗಿ ಕಟ್ಟಿದರು. 1980ರ ದಶಕದಲ್ಲಿ ಸೇನೆಯ ಕೆಲವರಿಗೆ ಅದನ್ನು ಕಲಿಸಿದ್ದೂ ಸ್ವಾನ್ ಅವರೇ. ಮೇರಿಲ್ಯಾಂಡಿನ ಫೋರ್ಟ್ ಮೀಡ್‌ನಲ್ಲಿ ಬೇರೆಬೇರೆ ಗುಪ್ತನಾಮಗಳಲ್ಲಿ ನಡೆದು, ಕೊನೆಗೆ ಸ್ಟಾರ್ ಗೇಟ್ ಎಂದು ಕರೆಸಿಕೊಂಡ ಆ ಯೋಜನೆಯನ್ನು 1995ರಲ್ಲಿ ನಿಲ್ಲಿಸಲಾಯಿತು.

ನಿಲ್ಲಿಸುವ ಮುನ್ನ ನಡೆದ ಪರಿಶೀಲನೆಯಲ್ಲಿ ಸಂಖ್ಯಾಶಾಸ್ತ್ರಜ್ಞೆ ಜೆಸಿಕಾ ಅಟ್ಸ್ ‘ಅಂಕಿಗಳಲ್ಲಿ ಪರಿಣಾಮ ಕಾಣುತ್ತದೆ’ ಎಂಬ ಕಡೆ ನಿಂತರು. ಮನೋವಿಜ್ಞಾನಿ ರೇ ಹೈಮನ್ ‘ಅಷ್ಟರಿಂದ ಅತೀಂದ್ರಿಯ ಶಕ್ತಿ ಇದೆಯೆಂದು ಹೇಳಲಾಗದು’ ಎಂದರು. ಬೇಹುಗಾರಿಕೆಯ ಕಾರ್ಯಾಚರಣೆಗೆ ಇದು ದಾರಿ ತೋರಿಸಿದ ಒಂದು ಉದಾಹರಣೆಯೂ ಸಿಗಲಿಲ್ಲ ಎನ್ನುವುದು ಅಂತಿಮ ವರದಿಯ ಮಾತು. ಮುಖ್ಯವಾಹಿನಿಯ ವಿಜ್ಞಾನ ಇಂದಿಗೂ ಇದನ್ನು ಒಪ್ಪಿಲ್ಲ. ಇದನ್ನು ತಿಳಿದೂ ಕಲಿಯುವ ಕುತೂಹಲ ಉಳಿದಿದ್ದರೆ ಮುಂದೆ ಓದಿ. ಪರೀಕ್ಷೆಯ ಪ್ರಶ್ನೆಪತ್ರಿಕೆ ಕಾಣುತ್ತದೆ, ಷೇರು ಏರುವುದು ತಿಳಿಯುತ್ತದೆ ಎಂಬ ಆಸೆಯಿದ್ದರೆ ಇಲ್ಲಿಗೇ ಬಿಟ್ಟು ಎದ್ದರೆ ಲಾಭ.

ಹೋಲಿಸಬೇಕಾದದ್ದು ಯಾವುದನ್ನು

ಕಲಿಕೆಯ ದಾರಿ ಹುಡುಕುವವರು ಸಾಮಾನ್ಯವಾಗಿ ಗುರುವಿನ ಖ್ಯಾತಿ, ಸರ್ಟಿಫಿಕೇಟು, ಶುಲ್ಕ ಇವನ್ನು ಹೋಲಿಸುತ್ತಾರೆ. ಇವೆಲ್ಲ ಆಮೇಲಿನ ಮಾತು. ಮೊದಲು ಕೇಳಬೇಕಾದದ್ದು ಒಂದೇ: ಲಕೋಟೆಯಲ್ಲಿ ಏನಿದೆ ಎಂದು ಯಾರಿಗೆ ಗೊತ್ತು, ಯಾವಾಗ ಗೊತ್ತು? ನೋಡುವವರ ಎದುರು ಕುಳಿತವರಿಗೆ ಉತ್ತರ ತಿಳಿದಿದ್ದರೆ ಅವರ ಉಸಿರು, ‘ಹೂಂ’, ಪೆನ್ನು ತಿರುಗಿಸುವುದು, ಸುಮ್ಮನಿರುವುದು ಎಲ್ಲವೂ ಉತ್ತರವೇ. ಕಲಿಯುವವರಿಗೆ ಅದು ಗೊತ್ತೇ ಆಗದೆ ಒಳಗಿಳಿಯುತ್ತದೆ.

ಇದು ಬರಿಯ ಅನುಮಾನವಲ್ಲ. ಟಾರ್ಗ್, ಪುಟ್‌ಹಾಫ್ ಅವರ ಆರಂಭದ ಪ್ರಯೋಗಗಳ ಬರಹಪ್ರತಿಗಳನ್ನು ಪರಿಶೀಲಿಸಿದ ಡೇವಿಡ್ ಮಾರ್ಕ್ಸ್, ರಿಚರ್ಡ್ ಕ್ಯಾಮನ್ ಎಂಬ ಮನೋವಿಜ್ಞಾನಿಗಳು 1978ರಲ್ಲಿ ತೋರಿಸಿದ್ದು ಇಂಥದ್ದನ್ನೇ. ಪ್ರತಿಗಳಲ್ಲಿ ದಿನಾಂಕದ ಗುರುತು, ಹಿಂದಿನ ದಿನ ನೋಡಿದ ಜಾಗಗಳ ಪ್ರಸ್ತಾಪ ಮುಂತಾದ ಸುಳಿವುಗಳು ಉಳಿದಿದ್ದವು. ಅವುಗಳ ಬಲದಿಂದಲೇ ಯಾವ ಪ್ರತಿ ಯಾವ ಜಾಗಕ್ಕೆ ಸೇರಿದ್ದು ಎಂದು ಜೋಡಿಸಬಹುದಿತ್ತು. ಅಷ್ಟು ಹಣ, ಅಷ್ಟು ವಿದ್ವತ್ತು ಇದ್ದ ಕಡೆಯೇ ಹೀಗಾಗಿದ್ದರೆ ಜಯನಗರದ ಪಿ.ಜಿ. ಕೋಣೆಯಲ್ಲಿ ಆಗದಿರುತ್ತದೆಯೇ?

ನಮ್ಮಲ್ಲಿ ಕಳುವಾದ ವಸ್ತು ಪತ್ತೆಮಾಡಲು ವೀಳ್ಯದೆಲೆಗೋ ಹೆಬ್ಬೆರಳ ಉಗುರಿಗೋ ಕಪ್ಪು ಬಳಿದು ಅಂಜನ ಹಾಕಿ ನೋಡಿಸುವ ರೂಢಿಯಿದೆಯಲ್ಲ, ಅಲ್ಲಿಯೂ ಏನು ಹೋಗಿದೆ, ಯಾರ ಮೇಲೆ ಗುಮಾನಿ ಎಂಬುದು ನೋಡುವವರ ಕಿವಿಗೆ ಮೊದಲೇ ಬಿದ್ದಿರುತ್ತದೆ. ಸಿ.ಆರ್.ವಿ. ಭಾಷೆಯಲ್ಲಿ ಅದು ‘ಫ್ರಂಟ್‌ಲೋಡಿಂಗ್’. ಯಾವ ತರಗತಿ ಸೇರಿದರೂ ಅಂಜನದ ಈ ದೋಷ ಅಲ್ಲಿ ಎಷ್ಟಿದೆ ಎಂದು ಅಳೆಯಿರಿ.

ಆರು ಹಂತ, ಚುಟುಕಾಗಿ

ಸಿ.ಆರ್.ವಿ. ಕಲಿಸುವ ದಾರಿಗಳೆಲ್ಲ ಈ ಆರು ಹಂತವನ್ನೇ ಹೆಚ್ಚುಕಡಿಮೆ ಕಲಿಸುವುದರಿಂದ ಮೊದಲು ಅದನ್ನು ನೋಡಿಬಿಡೋಣ. ಬಿಳಿ ಎ4 ಹಾಳೆ, ಕಪ್ಪು ಪೆನ್ನು. ಮೇಲೆ ಬಲಮೂಲೆಯಲ್ಲಿ ಹೆಸರು, ದಿನಾಂಕ, ಹೊತ್ತು, ಕುಳಿತ ಜಾಗ. ಎಡಕ್ಕೆ ಸಂಖ್ಯೆ ಬರೆದು ಮುಗಿಯುತ್ತಿದ್ದಂತೆ ಪೆನ್ನು ಎತ್ತದೆ ಕೈ ತಾನಾಗಿ ಗೀಚುವ ಗೆರೆಗೆ ಐಡಿಯೋಗ್ರಾಂ ಎನ್ನುತ್ತಾರೆ. ಆ ಗೆರೆ ಹೇಗೆ ಓಡಿತು, ಮುಟ್ಟಿದರೆ ಹೇಗನಿಸಿತು ಎಂಬುದು ‘ಎ’. ಅದರ ಬೆನ್ನಿಗೇ ಬರುವ ಮೊದಲ ಪದ, ಅಂದರೆ ನೆಲ, ನೀರು, ಬೆಟ್ಟ, ಕಟ್ಟಡದಂಥದ್ದು, ‘ಬಿ’. ಇದು ಒಂದನೇ ಹಂತ. ಎರಡನೆಯದರಲ್ಲಿ ಬಣ್ಣ, ರುಚಿ, ವಾಸನೆ, ಸದ್ದು, ಸ್ಪರ್ಶ, ಬಿಸಿ-ತಂಪು. ಎತ್ತರ, ಅಗಲ, ಟೊಳ್ಳು ಎಂಬ ಅಳತೆಯ ಪದಗಳು ಬರತೊಡಗಿದರೆ ಮೂರನೆಯದಾದ ರೇಖಾಚಿತ್ರಕ್ಕೆ ಹೊತ್ತಾಯಿತು ಎಂದರ್ಥ. ನಾಲ್ಕನೆಯದು ಎಂಟು ಅಂಕಣಗಳ ಕೋಷ್ಟಕ. ಐದರಲ್ಲಿ ಬರೆದ ಪದವನ್ನೇ ಹಿಡಿದು ಅದರ ಒಳಗಿನದನ್ನು ಕೆದಕುವುದು, ಆರರಲ್ಲಿ ಜೇಡಿಮಣ್ಣಿನಲ್ಲಿ ಮಾದರಿ ಮಾಡುವುದು.

ಮೊದಲ ಆರು ತಿಂಗಳು ಮೂರನೇ ಹಂತ ದಾಟುವ ಅಗತ್ಯವೇ ಇಲ್ಲ. ಐದು-ಆರನೇ ಹಂತಗಳನ್ನು ವಾರಾಂತ್ಯದಲ್ಲಿ ಕಲಿಸುತ್ತೇವೆ ಎನ್ನುವ ಜಾಹೀರಾತು ಕಂಡರೆ ಪುಟ ಮಗುಚಿ.

ಈ ಎಲ್ಲದರ ಶತ್ರು ಎ.ಒ.ಎಲ್. (ಅನಲಿಟಿಕ್ ಓವರ್‌ಲೇ), ಅಂದರೆ ಮನಸ್ಸು ಅವಸರದಲ್ಲಿ ಕಟ್ಟಿಕೊಡುವ ಹೆಸರು. ‘ತಣ್ಣಗೆ, ಒದ್ದೆ, ಭೋರ್ ಎನ್ನುವ ಸದ್ದು’ ಬರುತ್ತಿದ್ದಂತೆ ‘ಜೋಗ!’ ಎಂದು ಹಾರುವುದು. ಹಾರಿದ ಮೇಲೆ ಮುಂದಿನ ಪದಗಳೆಲ್ಲ ಜೋಗದ ನೆನಪಿನಿಂದಲೇ ಬರುತ್ತವೆ. ಬಿಡುಗಡೆಯ ಉಪಾಯವೂ ಸರಳ: ಹಾಳೆಯ ಬಲಗಡೆ ‘ಎ.ಒ.ಎಲ್. ಬ್ರೇಕ್: ಜೋಗ’ ಎಂದು ಬರೆಯುವುದು, ಪೆನ್ನು ಕೆಳಗಿಡುವುದು, ಒಂದೆರಡು ಉಸಿರಾದ ಮೇಲೆ ಮತ್ತೆ ಸಂಖ್ಯೆಯಿಂದ ಶುರುಮಾಡುವುದು. ಪೆನ್ನು ಕೆಳಗಿಡದೆ ಬರಿದೇ ಬರೆದು ಮುಂದುವರಿದವರಿಗೆ ಜೋಗ ಬಿಡುವುದಿಲ್ಲ.

ಮೊದಲ ದಾರಿ: 1986ರ ಕೈಪಿಡಿ, ಮೂವರು ಗೆಳೆಯರು

ಸ್ವಾನ್ ಅವರ ಪಾಠ ಕಲಿತ ಸೇನಾಧಿಕಾರಿ ಪಾಲ್ ಸ್ಮಿತ್ ಮುಂದೆ ನಿಂತು ಬರೆದ, 1986ರ ಮೇ 1ರ ದಿನಾಂಕವಿರುವ ಕೈಪಿಡಿ 1998ರಿಂದ ಇಂಟರ್ನೆಟ್ಟಿನಲ್ಲಿ ಎಲ್ಲರಿಗೂ ಸಿಗುತ್ತದೆ. ಕಾಸು ಖರ್ಚಿಲ್ಲ. ಭಾಷೆ ಮಾತ್ರ ಮಿಲಿಟರಿಯದು, ಒಣಕಲು. ಸ್ವಾನ್ ಅವರ ಕ್ರಮದಲ್ಲಿ ಪ್ರತಿ ಹಂತದ ಉಪನ್ಯಾಸವಾದ ಮೇಲೆ ಶಿಷ್ಯರು ತಮ್ಮ ಮಾತಿನಲ್ಲಿ ಪ್ರಬಂಧ ಬರೆಯಬೇಕಿತ್ತು. ಮನೆಯಲ್ಲಿ ಕಲಿಯುವವರು ಬಿಟ್ಟುಬಿಡುವುದು ಇದನ್ನೇ. ಒಂದನೇ ಹಂತ ಓದಿದ ಮೇಲೆ ಕೈಪಿಡಿ ಮುಚ್ಚಿಟ್ಟು ಎರಡು ಪುಟ ಕನ್ನಡದಲ್ಲಿ ಬರೆಯಿರಿ. ಬರೆಯಲಾಗದಿದ್ದರೆ ಅರ್ಥವಾಗಿಲ್ಲ ಎಂದೇ ಲೆಕ್ಕ.

ಒಬ್ಬರೇ ಮಾಡಲು ಹೋಗಬೇಡಿ. ತಾನೇ ಚಿತ್ರ ಆರಿಸಿ, ತಾನೇ ಲಕೋಟೆಗೆ ಹಾಕಿ, ಕಲಸಿ, ‘ಮರೆತುಹೋಗಿದೆ’ ಎಂದುಕೊಳ್ಳುವುದು ಸ್ವಂತಕ್ಕೆ ಮಾಡಿಕೊಳ್ಳುವ ಮೋಸ. ಹತ್ತು ಚಿತ್ರಗಳ ಗುಂಪು ನಿಮಗೆ ಗೊತ್ತಿದ್ದರೆ ಮನಸ್ಸು ಲಕೋಟೆಯನ್ನಲ್ಲ, ಆ ಹತ್ತನ್ನು ನೋಡುತ್ತದೆ. ಮೂವರು ಬೇಕು: ಸಿದ್ಧಮಾಡುವವರು, ನೋಡುವವರು, ತೀರ್ಪು ಕೊಡುವವರು. ಒಂದೇ ಹಾಸ್ಟೆಲಿನವರಾದರೆ ಸಾಕು, ಇಪ್ಪತ್ತು ಸೆಷನ್ನಿನ ಒಂದು ಸುತ್ತು ಮುಗಿದ ಮೇಲೆ ಪಾತ್ರ ಬದಲಿಸಿಕೊಳ್ಳಿ.

ಸಿದ್ಧಮಾಡುವವರ ಕೆಲಸ ದೊಡ್ಡದು. ಇಪ್ಪತ್ತು ಸೆಷನ್ನಿಗೆ ಐದೈದು ಚಿತ್ರಗಳ ಇಪ್ಪತ್ತು ಕಟ್ಟು, ಒಟ್ಟು ನೂರು ಚಿತ್ರ. ಒಂದು ಕಟ್ಟಿನಲ್ಲಿರುವ ಐದೂ ಒಂದಕ್ಕೊಂದು ದೂರವಿರಬೇಕು: ಒಂದು ನೀರು, ಒಂದು ಬೆಟ್ಟ, ಒಂದು ಕಟ್ಟಡ, ಒಂದು ಬಯಲು, ಒಂದು ಯಂತ್ರವೋ ವಾಹನವೋ. ಎರಡು ದೇವಸ್ಥಾನ ಒಂದೇ ಕಟ್ಟಿಗೆ ಬಿದ್ದರೆ ತೀರ್ಪು ಕೊಡುವಾಗ ಜಗಳ ಖಂಡಿತ. ಬೆಂಗಳೂರಿನ ಪ್ರಸಿದ್ಧ ಜಾಗಗಳನ್ನು ಬಿಡಿ. ವಿಧಾನಸೌಧ, ಲಾಲ್‌ಬಾಗಿನ ಗಾಜಿನಮನೆ, ದೊಡ್ಡ ಬಸವಣ್ಣ ಇವು ಎಲ್ಲರ ತಲೆಯಲ್ಲಿ ತಯಾರಾಗಿ ನಿಂತಿರುತ್ತವೆ.

ಪ್ರತಿ ಕಟ್ಟಿಗೆ ದಾಳ ಉರುಳಿಸಿ. ಆರು ಬಿದ್ದರೆ ಮತ್ತೊಮ್ಮೆ. ‘ಇದು ಚೆನ್ನಾಗಿದೆ’ ಎಂದು ಕೈಯಾರೆ ಆರಿಸಿದರೆ ಗೆಳೆಯರ ಅಭಿರುಚಿ ಬಲ್ಲವರು ಸುಲಭವಾಗಿ ಊಹಿಸುತ್ತಾರೆ. ದಾಳ ತೋರಿದ ಚಿತ್ರದ ಎರಡನೇ ಪ್ರತಿಯನ್ನು ಲಕೋಟೆಗೆ ಹಾಕಿ. ಎರಡನೇ ಪ್ರತಿ ಏಕೆಂದರೆ, ಲಕೋಟೆಯಿಂದ ಹೊರತೆಗೆದ ಚಿತ್ರಕ್ಕೆ ಮಡಿಕೆ, ಬೆರಳ ಜಿಡ್ಡು ಇರುತ್ತದೆ. ಅದನ್ನೇ ಉಳಿದ ನಾಲ್ಕರ ಜೊತೆ ತೀರ್ಪಿಗಿಟ್ಟರೆ ಕಣ್ಣು ಅದರ ಮೇಲೇ ಹೋಗುತ್ತದೆ. ನೂರು ಮತ್ತು ಇಪ್ಪತ್ತು, ಒಟ್ಟು 120 ಚಿತ್ರ. ಒಂದು ಎ4 ಹಾಳೆಗೆ ನಾಲ್ಕರಂತೆ 30 ಹಾಳೆ ಕಲರ್ ಪ್ರಿಂಟ್. ಇಡೀ ದಾರಿಯ ದೊಡ್ಡ ಖರ್ಚು ಇದೇ. ಪ್ರಿಂಟ್ ಹಾಕಿಸಲು ನೋಡುವವರನ್ನೇ ಜೆರಾಕ್ಸ್ ಅಂಗಡಿಗೆ ಕಳಿಸಬೇಡಿ ಎಂದು ಹೇಳಬೇಕಾಗಿಲ್ಲ, ಆದರೂ ಹೇಳಿರುತ್ತೇವೆ.

ಚಿತ್ರವನ್ನು ಅಲ್ಯೂಮಿನಿಯಂ ಫಾಯಿಲಿನಲ್ಲಿ ಸುತ್ತಿ ಕಂದು ಲಕೋಟೆಯಲ್ಲಿಡಿ. ತೆಳು ಬಿಳಿ ಲಕೋಟೆ ಟ್ಯೂಬ್‌ಲೈಟಿಗೆ ಹಿಡಿದರೆ ಕಾಣುತ್ತದೆ. ಮೇಲೆ ನಾಲ್ಕು ಮತ್ತು ನಾಲ್ಕು ಅಂಕಿಗಳ ಸಂಖ್ಯೆ. ಮೊದಮೊದಲು ಸ್ಟ್ಯಾನ್‌ಫರ್ಡ್ ಇನ್‌ಸ್ಟಿಟ್ಯೂಟಿನಲ್ಲಿ ನಿಜವಾದ ಅಕ್ಷಾಂಶ-ರೇಖಾಂಶವನ್ನೇ ಕೊಡುತ್ತಿದ್ದರು. ‘12.97 ಉತ್ತರ, 77.59 ಪೂರ್ವ’ ಎಂದರೆ ಭೂಗೋಳ ಓದಿದ ಯಾವ ಹುಡುಗಿಯೂ ಬೆಂಗಳೂರು ಎನ್ನುತ್ತಾಳಲ್ಲ, ಆ ಆಕ್ಷೇಪಕ್ಕೇ ಮುಂದೆ ಅರ್ಥವಿಲ್ಲದ ಸಂಖ್ಯೆ ಬಂತು. ನೀವು ದಿನಾಂಕವನ್ನೋ ಕಟ್ಟಿನ ಕ್ರಮಸಂಖ್ಯೆಯನ್ನೋ ಅದರಲ್ಲಿ ಅಡಗಿಸಬೇಡಿ. ವಾಟ್ಸಾಪಿನಲ್ಲಿ ಚಿತ್ರ ಕಳಿಸುವ ಪದ್ಧತಿಯಂತೂ ಬೇಡವೇ ಬೇಡ. ಫೈಲಿನ ಹೆಸರು, ಮಸುಕಾದ ಪ್ರಿವ್ಯೂ, ‘ಟಾರ್ಗೆಟ್ ರೆಡಿ’ ಎಂಬ ಸಂದೇಶದ ಪಕ್ಕ ಕೈತಪ್ಪಿ ಬಿದ್ದ ಅಲೆಯ ಎಮೋಜಿ, ಎಲ್ಲದರಲ್ಲೂ ಉತ್ತರ ಸೋರುತ್ತದೆ.

ಸೆಷನ್ನಿಗೆ 30ರಿಂದ 45 ನಿಮಿಷ, ವಾರಕ್ಕೆ ಎರಡು. ಅದಕ್ಕಿಂತ ಹೆಚ್ಚಾದರೆ ಐಡಿಯೋಗ್ರಾಂ ಅಭ್ಯಾಸಬಲದ ಗೀಚಾಗುತ್ತದೆ, ಎಲ್ಲ ಸೆಷನ್ನಿನಲ್ಲೂ ಒಂದೇ ಅಲೆಗೆರೆ, ಎಲ್ಲದರಲ್ಲೂ ‘ನೀರು’. ಪಕ್ಕದ ಮನೆಯ ಕುಕ್ಕರ್ ಸೀಟಿ, ಬೀದಿಯ ಆಟೋ ಹಾರ್ನು ಎರಡನೇ ಹಂತದ ‘ಸದ್ದು’ ಪಟ್ಟಿಗೆ ಸದ್ದಿಲ್ಲದೆ ಸೇರಿಕೊಳ್ಳುತ್ತವೆ. ಹೊರಗಿನ ಸದ್ದು ಕೇಳಿದ ಕೂಡಲೇ ಅಂಚಿನಲ್ಲಿ ಗುರುತು ಹಾಕಿ. ಹಸಿವು, ತಲೆನೋವು, ನಾಳೆಯ ಇಂಟರ್ನಲ್ಸ್ ಚಿಂತೆಯನ್ನೂ ಸೆಷನ್ನಿನ ಆರಂಭದಲ್ಲೇ ಹಾಳೆಯ ಮೇಲೆ ಬರೆದಿಡುವುದು ಕೈಪಿಡಿಯ ಕ್ರಮ. ಬರೆದಿದ್ದನ್ನು ಮನಸ್ಸು ಸ್ವಲ್ಪ ಮಟ್ಟಿಗೆ ಕೆಳಗಿಡುತ್ತದೆ.

ಈಗ ತೀರ್ಪು. ಸೆಷನ್ನಿನ ಹಾಳೆಗಳಲ್ಲಿ ದಿನಾಂಕ, ಹೊತ್ತು ಮುಚ್ಚಿ ಜೆರಾಕ್ಸ್ ಮಾಡಿ, ಆ ಕಟ್ಟಿನ ಐದು ಚಿತ್ರಗಳ ಜೊತೆ ತೀರ್ಪುಗಾರರಿಗೆ ಕೊಡಿ. ಯಾವುದು ಅತಿ ಹತ್ತಿರ, ಯಾವುದು ಅತಿ ದೂರ ಎಂದು ಅವರು 1ರಿಂದ 5ರವರೆಗೆ ಸ್ಥಾನ ಬರೆದು ಸಹಿ ಹಾಕಬೇಕು. ಅದಾದ ಮೇಲಷ್ಟೇ ಲಕೋಟೆ ಒಡೆಯುವುದು. ‘ಒಡೆದು ನೋಡಿ ಆಮೇಲೆ ಹೋಲಿಸೋಣ’ ಎಂದರೆ ಮುಗಿಯಿತು. ಉತ್ತರ ಗೊತ್ತಿರುವ ಕಣ್ಣಿಗೆ ಯಾವ ಗೀಚು ಬೇಕಾದರೂ ಹೊಂದುತ್ತದೆ, ‘ಕಂದು, ಒರಟು, ಎತ್ತರ’ ಎಂಬ ಮೂರು ಪದ ಶಿವಗಂಗೆ ಬೆಟ್ಟಕ್ಕೂ ಸರಿ, ತೆಂಗಿನಮರಕ್ಕೂ ಸರಿ.

ಸುಮ್ಮನೆ ಊಹಿಸಿದರೂ ಐದರಲ್ಲಿ ಒಂದು ಸರಿ. ಅಂದರೆ ಇಪ್ಪತ್ತರಲ್ಲಿ ನಾಲ್ಕು. ಆರು ಬಂದರೆ ಕುಣಿಯಬೇಡಿ. ಬರಿಯ ಅದೃಷ್ಟದಿಂದ ಏಳು ಅಥವಾ ಹೆಚ್ಚು ಬರುವ ಸಾಧ್ಯತೆ ನೂರಕ್ಕೆ ಸುಮಾರು 9, ಎಂಟು ಅಥವಾ ಹೆಚ್ಚು ಬರುವುದು ನೂರಕ್ಕೆ ಸುಮಾರು 3. ಎಂಟು ಬಂದರೂ ಅದು ‘ಇನ್ನೂ ಇಪ್ಪತ್ತು ಮಾಡಿ’ ಎಂಬುದಕ್ಕೆ ಕಾರಣ, ಇನ್‌ಸ್ಟಾಗ್ರಾಂ ಪುಟ ತೆರೆಯುವುದಕ್ಕಲ್ಲ. ಸೆಷನ್ ಎಣಿಕೆಯನ್ನು ಮೊದಲೇ ನಿಗದಿಮಾಡಿ. ‘ಆವತ್ತು ಜ್ವರವಿತ್ತು, ಅದನ್ನು ಬಿಡೋಣ’ ಎಂದು ಸೋತವನ್ನು ಆಮೇಲೆ ಕೈಬಿಟ್ಟರೆ ಲೆಕ್ಕವೇ ಇಲ್ಲ.

ಎರಡನೇ ದಾರಿ: ವಿದೇಶದ ಗುರು, ಆನ್‌ಲೈನ್ ತರಗತಿ

ಫೋರ್ಟ್ ಮೀಡ್‌ನಲ್ಲಿ ಕೆಲಸಮಾಡಿದ ಕೆಲವರು, ಅವರ ಶಿಷ್ಯರು ಅಮೆರಿಕದಿಂದ ಪಾಠ ಹೇಳುತ್ತಾರೆ. ಇಲ್ಲಿ ಸಿಗುವ ನಿಜವಾದ ಲಾಭ ಒಂದೇ, ನಿಮ್ಮ ಹಾಳೆಯನ್ನು ಪಳಗಿದ ಕಣ್ಣೊಂದು ತಿದ್ದುತ್ತದೆ. ‘ಎ’ ಬರೆಯುವ ಮೊದಲೇ ‘ಬಿ’ಗೆ ಹಾರಿದ್ದು, ಎ.ಒ.ಎಲ್. ಅನ್ನು ಸ್ಪರ್ಶದ ಪದದ ವೇಷದಲ್ಲಿ ಒಳಬಿಟ್ಟಿದ್ದು (‘ಚರ್ಚಿನಂತೆ ತಂಪು’ ಎಂಬುದು ತಂಪಲ್ಲ, ಚರ್ಚು) ನಿಮ್ಮ ಕಣ್ಣಿಗೆ ತಿಂಗಳುಗಟ್ಟಲೆ ಬೀಳುವುದಿಲ್ಲ, ಅವರಿಗೆ ಹತ್ತು ನಿಮಿಷ ಸಾಕು.

ತೊಂದರೆ ಗಡಿಯಾರದಲ್ಲಿದೆ. ಅಮೆರಿಕದ ಪೂರ್ವ ತೀರದ ಸಂಜೆ 7ರ ತರಗತಿ ಬೇಸಿಗೆ ಸಮಯದಲ್ಲಿ ನಮಗೆ ಬೆಳಗಿನ ಜಾವ 4.30, ಚಳಿಗಾಲದಲ್ಲಿ 5.30. ಪಶ್ಚಿಮ ತೀರದ ಬೆಳಗ್ಗೆ 10 ಎಂದರೆ ರಾತ್ರಿ 10.30 ಅಥವಾ 11.30. ನಿದ್ದೆಗೆಟ್ಟ ಮಿದುಳು ಎ.ಒ.ಎಲ್. ಕಾರ್ಖಾನೆ. ಪೂರ್ವ ತೀರದವರು ಶನಿವಾರ ಬೆಳಗ್ಗೆ 10ಕ್ಕೆ ನಡೆಸುವ ತರಗತಿ ಸಿಕ್ಕರೆ ಇಲ್ಲಿ ಸಂಜೆ 7.30 ಅಥವಾ 8.30, ಅಷ್ಟು ಹೊಂದುತ್ತದೆ. ಡಾಲರ್ ಶುಲ್ಕದ ಮೇಲೆ ಬ್ಯಾಂಕಿನ ವಿನಿಮಯ ಮಾರ್ಕಪ್ಪು, ಅದರ ಮೇಲಿನ ಜಿ.ಎಸ್.ಟಿ. ಸೇರಿಸಿ ಲೆಕ್ಕಹಾಕಿ.

ಹಣ ಕಟ್ಟುವ ಮುನ್ನ ಇ-ಮೇಲ್‌ನಲ್ಲಿ ಮೂರು ಪ್ರಶ್ನೆ ಕೇಳಿ. ಅಭ್ಯಾಸದ ಸೆಷನ್ನಿನಲ್ಲಿ ಮಾನಿಟರಿಗೆ, ಅಂದರೆ ಎದುರು ಕುಳಿತು ಸೆಷನ್ ನಡೆಸುವವರಿಗೆ, ಟಾರ್ಗೆಟ್ (ಲಕೋಟೆಯಲ್ಲಿರುವ ಜಾಗ) ಗೊತ್ತಿರುತ್ತದೆಯೇ? ಯಾವ ಹಂತದಿಂದ ಗೊತ್ತಿರುವುದಿಲ್ಲ? ತೀರ್ಪು ಕೊಡುವವರು ಯಾರು? ಮೊದಲನೆಯದಕ್ಕೆ ‘ಹೌದು’ ಎಂದರೆ ಓಡಿಹೋಗಬೇಕಿಲ್ಲ. ಮೂಲ ಪದ್ಧತಿಯಲ್ಲೇ ಆರಂಭದ ಸೆಷನ್ನುಗಳಿಗೆ ‘ಕ್ಲಾಸ್ ಸಿ’ ಎಂದು ಹೆಸರು. ಅಲ್ಲಿ ಉತ್ತರ ತಿಳಿದ ಮಾನಿಟರ್ ‘ಸರಿ’, ‘ಬಹುಶಃ ಸರಿ’, ‘ಹತ್ತಿರ’ ಎಂದು ಅಲ್ಲಲ್ಲೇ ಹೇಳುತ್ತಾರೆ, ತಪ್ಪಾದರೆ ಸುಮ್ಮನಿರುತ್ತಾರೆ. ಹಂತಗಳ ಕ್ರಮ ಕೈಗೆ ಹತ್ತಲು ಅದು ಸರಿಯೇ. ಆದರೆ ಆ ಮೌನವೇ ‘ತಪ್ಪು’ ಎಂಬ ಉತ್ತರವಾದ್ದರಿಂದ, ಅಂಥ ಸೆಷನ್ನಿನಲ್ಲಿ ಎಷ್ಟೇ ಚೆನ್ನಾಗಿ ವರ್ಣಿಸಿದರೂ ಅದು ಇಪ್ಪತ್ತು ಪ್ರಶ್ನೆಗಳ ಆಟ ಗೆದ್ದಂತೆ ಅಷ್ಟೆ. ಎರಡನೇ ಪ್ರಶ್ನೆಗೆ ಸ್ಪಷ್ಟ ಉತ್ತರ ಕೊಡದವರಿಗೆ ಹಣ ಕೊಡಬೇಡಿ.

ನಮ್ಮ ಸಲಹೆ: ಮೊದಲ ದಾರಿಯಲ್ಲಿ ಇಪ್ಪತ್ತು ಸೆಷನ್ ಮುಗಿಸಿದ ಮೇಲೆ ಇಲ್ಲಿಗೆ ಬನ್ನಿ. ಆಗ ತಿದ್ದಿಸಲು ನಿಮ್ಮ ಬಳಿ ಹಾಳೆಗಳಿರುತ್ತವೆ, ಮೊದಲ ತರಗತಿಗಳು ‘ಐಡಿಯೋಗ್ರಾಂ ಎಂದರೇನು’ ಎಂಬುದಕ್ಕೇ ಕಳೆದುಹೋಗುವುದಿಲ್ಲ.

ಮೂರನೇ ದಾರಿ: ಹಂತಗಳಿಲ್ಲದ ನೋಟ

ಸಿ.ಆರ್.ವಿ. ಕಟ್ಟುನಿಟ್ಟು ಎನಿಸಿದವರಿಗೆ ಎರಡು ಸಡಿಲ ಪದ್ಧತಿಗಳಿವೆ. ಒಂದು ಇ.ಆರ್.ವಿ. (ಎಕ್ಸ್‌ಟೆಂಡೆಡ್ ರಿಮೋಟ್ ವ್ಯೂಯಿಂಗ್): ಮಂದ ಬೆಳಕಿನಲ್ಲಿ ಮಲಗಿ, ನಿದ್ದೆ-ಎಚ್ಚರದ ನಡುವೆ ಕಂಡದ್ದನ್ನು ಬಾಯಿಬಿಟ್ಟು ಹೇಳುವುದು, ಪಕ್ಕದವರು ಕೇಳಿ ಬರೆದುಕೊಳ್ಳುವುದು. ರಾತ್ರಿ ಓದಿ ಹಗಲು ಕಾಲೇಜಿಗೆ ಓಡುವವರು ಇದರಲ್ಲಿ ಹತ್ತು ನಿಮಿಷಕ್ಕೆ ಗೊರಕೆ ಹೊಡೆಯುತ್ತಾರೆ. ಎದ್ದು ಹೇಳುವುದು ಕನಸು.

ಇನ್ನೊಂದು ಹಳೆಯದು, ಟಾರ್ಗ್-ಪುಟ್‌ಹಾಫ್ ಕಾಲದ್ದು. ಒಬ್ಬರು ಚೀಟಿ ಎತ್ತಿ ಒಂದು ಜಾಗಕ್ಕೆ ಹೋಗುತ್ತಾರೆ, ಮೂವತ್ತು ನಿಮಿಷವಾದ ಮೇಲೆ ಹದಿನೈದು ನಿಮಿಷ ಅಲ್ಲಿ ನಿಲ್ಲುತ್ತಾರೆ, ಅಷ್ಟರಲ್ಲಿ ಕೋಣೆಯಲ್ಲಿ ಕೂತವರು ಅದನ್ನು ವರ್ಣಿಸುತ್ತಾರೆ. ಬೆಂಗಳೂರಿನಲ್ಲಿ ಮೂವತ್ತು ನಿಮಿಷಕ್ಕೆ ಸಿಲ್ಕ್ ಬೋರ್ಡ್ ದಾಟುವ ಖಾತರಿ ಯಾರಿಗೂ ಇಲ್ಲ, ಆದ್ದರಿಂದ ಮೆಜೆಸ್ಟಿಕ್ಕಿನಿಂದ ಮೆಟ್ರೊ ಹಿಡಿಯುವಂತೆ ಲಾಲ್‌ಬಾಗ್, ನ್ಯಾಷನಲ್ ಕಾಲೇಜು, ಕೆ.ಆರ್. ಮಾರುಕಟ್ಟೆ, ಕಬ್ಬನ್ ಪಾರ್ಕ್, ಹಲಸೂರು ಎಂದು ಐದು ಚೀಟಿ ಮಾಡಿ, ಅವಧಿಯನ್ನು 45 ನಿಮಿಷಕ್ಕೆ ಏರಿಸಿಕೊಳ್ಳಿ. ಭಾನುವಾರದ ಆಟವಾಗಿ ಬಲು ಚಂದ. ಕಲಿಕೆಯಾಗಿ ದುರ್ಬಲ. ಐದೂ ಜಾಗ ನೋಡುವವರಿಗೆ ಕಣ್ಣಿಗೆ ಕಟ್ಟಿದಂತಿರುತ್ತವೆ, ಹಾಗಾಗಿ ಬರುವುದೆಲ್ಲ ನೆನಪು. ಮಾರುಕಟ್ಟೆಗೆ ಹೋಗಿಬಂದವರ ಅಂಗಿಯಲ್ಲಿ ಸುಗಂಧರಾಜದ ಘಮ ಉಳಿದಿರುತ್ತದೆ, ತೀರ್ಪಿಗೆ ಮೊದಲೇ ಅವರು ಕೋಣೆಗೆ ಬಂದರೆ ಮೂಗೇ ತೀರ್ಪು ಕೊಡುತ್ತದೆ.

ನಾಲ್ಕನೇ ದಾರಿ, ಅಥವಾ ದಾರಿಯಲ್ಲದ್ದು

ಮೂರನೇ ಕಣ್ಣು, ಮಿಡ್‌ಬ್ರೈನ್ ಆಕ್ಟಿವೇಷನ್, ಸಿದ್ಧಿ ಶಿಬಿರ ಎಂದೆಲ್ಲ ನಡೆಯುವ ವಾರಾಂತ್ಯದ ಕಾರ್ಯಾಗಾರಗಳು. ಕಣ್ಣಿಗೆ ಬಟ್ಟೆ ಕಟ್ಟಿಕೊಂಡ ಮಕ್ಕಳು ಓದುವ ಪ್ರದರ್ಶನದ ಗುಟ್ಟು ಮೂಗಿನ ಪಕ್ಕದ ಸಂದಿ. ಓದಬೇಕಾದ ಪುಸ್ತಕವನ್ನು ಗಲ್ಲದ ಕೆಳಗೆ ಹಿಡಿಯದೆ ಹಣೆಯ ಮೇಲಕ್ಕೆ ಹಿಡಿದುನೋಡಿ, ಓದು ನಿಲ್ಲುತ್ತದೆ. ಯೋಗಸೂತ್ರದ ವಿಭೂತಿಪಾದದ ‘ಸೂಕ್ಷ್ಮವ್ಯವಹಿತವಿಪ್ರಕೃಷ್ಟಜ್ಞಾನಮ್’ ಎಂಬ ಪತಂಜಲಿಯ ಮಾತನ್ನು ಅಲ್ಲಿ ಉದ್ಧರಿಸುವುದುಂಟು. ಮರೆಯಲ್ಲಿದ್ದುದನ್ನು, ದೂರದಲ್ಲಿದ್ದುದನ್ನು ತಿಳಿಯುವುದು ಎಂಬ ಮಾತು ಅಲ್ಲಿರುವುದು ನಿಜ, ಆದರೆ ಅದರ ದಾರಿ ಸಂಯಮ, ಅಂದರೆ ಧಾರಣೆ, ಧ್ಯಾನ, ಸಮಾಧಿ ಮೂರೂ ಕೂಡಿದ ಸಾಧನೆ. ಎರಡು ದಿನದ ಶಿಬಿರಕ್ಕೂ ಎ4 ಹಾಳೆಗೂ ಅದಕ್ಕೂ ನಂಟಿಲ್ಲ.

ಇಂಥ ಕಡೆ ನಡೆಯುವ ಸಾಮೂಹಿಕ ಪ್ರಯೋಗದ ಗಣಿತ ತಿಳಿದಿರಲಿ. ಮೂವತ್ತು ಜನ, ಐದು ಚಿತ್ರ, ಒಂದು ಲಕೋಟೆ. ಬರಿಯ ಊಹೆಯಿಂದಲೇ ಸುಮಾರು ಆರು ಜನ ಸರಿ ಹೇಳುತ್ತಾರೆ. ಮೈಕು ಸಿಗುವುದು ಆ ಆರು ಜನಕ್ಕೆ. ಒಬ್ಬರೇ ಐದು ಸಲ ಪ್ರಯತ್ನಿಸಿದರೂ ಒಮ್ಮೆಯಾದರೂ ಹೊಂದುವ ಸಾಧ್ಯತೆ ನೂರಕ್ಕೆ 67. ಆ ಒಂದು ಸಲದ ರೋಮಾಂಚನವೇ ಮುಂದಿನ ಶುಲ್ಕ ಕಟ್ಟಿಸುತ್ತದೆ. 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯ ಪವಾಡಗಳ ಪರಿಶೀಲನೆಗೆ ಸಮಿತಿ ಮಾಡಿದ ಊರಿದು. ಸಂಘಟಕರನ್ನು ‘ನಮ್ಮದೇ ಲಕೋಟೆ ತರಬಹುದೇ?’ ಎಂದು ಕೇಳಲು ಸಂಕೋಚಪಡಬೇಕಿಲ್ಲ. ಆ ಪ್ರಶ್ನೆಗೆ ಬರುವ ಮುಖಭಾವವೇ ನಿಮ್ಮ ಹೋಲಿಕೆಯ ಕೊನೆಯ ಅಂಕಣ.

ಕನ್ನಡದಲ್ಲೋ ಇಂಗ್ಲಿಷಿನಲ್ಲೋ

ದಾರಿ ಯಾವುದಾದರೂ ಈ ಆಯ್ಕೆ ಎದುರಾಗುತ್ತದೆ. ಕೈಪಿಡಿ ಇಂಗ್ಲಿಷಿನಲ್ಲಿರುವುದರಿಂದ ಹೆಚ್ಚಿನವರು ಸೆಷನ್ನನ್ನೂ ಇಂಗ್ಲಿಷಿನಲ್ಲೇ ಬರೆಯುತ್ತಾರೆ. ಮನೆಮಾತು ಕನ್ನಡವಾದವರಿಗೆ ಅದು ನಷ್ಟ. ಎರಡನೇ ಹಂತ ಕೇಳುವುದು ಯೋಚಿಸದೆ ಬಾಯಿಗೆ ಬರುವ ಇಂದ್ರಿಯದ ಪದ, ಅನುವಾದಿಸಲು ತಡೆದ ಅರೆ ಕ್ಷಣದಲ್ಲೇ ಎ.ಒ.ಎಲ್. ನುಗ್ಗುತ್ತದೆ. ಜೊತೆಗೆ ಕನ್ನಡದ ಅನುಕರಣ ಪದಗಳು ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿವೆ. ಜುಳುಜುಳು, ಭೋರ್, ತೊಟತೊಟ ಮೂರೂ ನೀರೇ, ಆದರೆ ಹರಿವಿನ ರೀತಿ ಬೇರೆ. ಥಳಥಳ, ಮಿಣಮಿಣ ಎರಡೂ ಬೆಳಕೇ, ಪ್ರಮಾಣ ಬೇರೆ. ಗರಗರ, ಜಿಗಿಜಿಗಿ, ನುಣುಪು, ತರಿತರಿ ಇವು ಬೆರಳಿಗೆ. ಮುಗ್ಗಲು, ಕಮಟು, ಸೀದದ್ದು, ಹಸಿ ಇವು ಮೂಗಿಗೆ. ಒಗರು ನಾಲಗೆಗೆ. ಗಿಜಿಗಿಜಿ ಎಂದರೆ ಜನ, ಬಿಕೋ ಎಂದರೆ ಯಾರೂ ಇಲ್ಲ. ಇವುಗಳಲ್ಲಿ ಒಂದೂ ಜಾಗದ ಹೆಸರಲ್ಲ, ಹೆಸರಿನ ಬಲೆಗೆ ಬೀಳಿಸುವುದೂ ಇಲ್ಲ.

ಒಂದು ಎಚ್ಚರಿಕೆ: ತೀರ್ಪುಗಾರರಿಗೂ ಅದೇ ಸೀಮೆಯ ಕನ್ನಡ ಬರಬೇಕು. ಧಾರವಾಡದವರ ‘ಖಮ್ಮಗ’ ಮೈಸೂರಿನವರಿಗೆ ಘಮ ಎಂದು ತಿಳಿಯದೆ ಹೋದರೆ ಒಂದು ಸುಳಿವು ವ್ಯರ್ಥ. ವಿದೇಶಿ ಗುರುವಿಗೆ ತೋರಿಸುವಾಗ ಮೂಲ ಹಾಳೆಯನ್ನು ಮುಟ್ಟದೆ ಪಕ್ಕದಲ್ಲಿ ಬೇರೆ ಬಣ್ಣದಲ್ಲಿ ಅರ್ಥ ಬರೆಯಿರಿ, ಅದೂ ಲಕೋಟೆ ಒಡೆಯುವ ಮೊದಲು. ಒಡೆದ ಮೇಲೆ ಮಾಡಿದ ಅನುವಾದ ಚಿತ್ರದ ಕಡೆಗೆ ವಾಲಿಯೇ ವಾಲುತ್ತದೆ.

ಯಾರಿಗೆ ಯಾವುದು

ಪಿ.ಯು.ಸಿ. ಎರಡನೇ ವರ್ಷದಲ್ಲಿದ್ದರೆ ಯಾವುದೂ ಬೇಡ, ಏಪ್ರಿಲ್ ಕಳೆಯಲಿ. ಪದವಿಯಲ್ಲಿದ್ದು ಜೊತೆಗಿಬ್ಬರು ಸಿಗುವುದಾದರೆ ಮೊದಲ ದಾರಿ, ಹತ್ತು ವಾರ. ಮನೋವಿಜ್ಞಾನವೋ ಸಂಖ್ಯಾಶಾಸ್ತ್ರವೋ ಓದುತ್ತಿರುವವರಿಗೆ ಇದೇ ಒಂದು ಒಳ್ಳೆಯ ಪ್ರಾಜೆಕ್ಟು, ಫಲಿತಾಂಶ ಸೊನ್ನೆಯಾದರೂ ಪ್ರಯೋಗ ಕಟ್ಟುವ ಕೌಶಲ ಕೈಸೇರುತ್ತದೆ. ಜೊತೆಗಾರರು ಸಿಗದೆ, ಹಣವಿದ್ದು, ಶನಿವಾರ ಸಂಜೆ ಬಿಡುವಿದ್ದರೆ ಎರಡನೆಯದು. ನಿದ್ದೆಯ ತೊಂದರೆ, ಕಿವಿಯಲ್ಲಿ ಯಾರೋ ಮಾತಾಡಿದಂತಾಗುವುದು, ಎಲ್ಲದರಲ್ಲೂ ತನಗೇ ಸಂದೇಶವಿದೆ ಎನಿಸುವುದು ಇದ್ದರೆ ಈ ಅಭ್ಯಾಸ ಅದನ್ನು ಕೆದಕಬಹುದು. ಲಕೋಟೆ ಬದಿಗಿಟ್ಟು ನಿಮ್ಹಾನ್ಸ್‌ನಂಥ ಕಡೆ ತೋರಿಸಿ, ಅಥವಾ ಟೆಲಿ-ಮಾನಸ್ 14416ಕ್ಕೆ ಕರೆಮಾಡಿ.

ಇನ್ನು, ಒಂದೆರಡು ಸೆಷನ್ ಹೊಂದಿದ ಸುದ್ದಿ ಹಬ್ಬಿದ ಕೂಡಲೇ ಯಾರಾದರೂ ‘ನಮ್ಮ ಹುಡುಗ ಮನೆಬಿಟ್ಟು ಹೋಗಿದ್ದಾನೆ, ನೋಡಿ ಹೇಳಿ’ ಎಂದು ಬಂದೇ ಬರುತ್ತಾರೆ. ಪೊಲೀಸ್ ಠಾಣೆಗೆ ಕಳಿಸಿಕೊಡಿ. ಹಾಳೆಯ ಮೇಲಿನ ‘ಹಸಿರು, ತಣ್ಣಗೆ, ನೀರಿನ ಹತ್ತಿರ’ ಎಂಬ ನಾಲ್ಕು ಪದ ನಿಮ್ಮ ಬಾಯಿಂದ ಹೊರಟ ಮೇಲೆ, ಆ ತಾಯಿ ಸ್ಯಾಂಕಿ ಕೆರೆಯಿಂದ ಹೆಬ್ಬಾಳದವರೆಗೆ ಒಂದೊಂದು ಕೆರೆಯ ದಂಡೆಯನ್ನೂ ಸುತ್ತುತ್ತಾಳೆ.